ಮಗಳು ಹನ್ನೆರಡನೇ ಆಟಗಾರ್ತಿ ಆಗಿದ್ದಾಳೆ, ಗಾಬರಿ ಬೇಡ

ಪ್ರಶ್ನೆ: ಸರ್, ನನ್ನ ಮಗಳು ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಇಲ್ಲಿದ್ದಾಗ ಕ್ರಿಕೆಟ್ ಕೂಡ ನೋಡಿದವಳಲ್ಲ. ಅವರಪ್ಪ ಐಪಿಎಲ್ ಹಾಕಿದರೆ ಎದ್ದು ರೂಮಿಗೆ ಹೋಗುತ್ತಿದ್ದಳು. ಈಗ ಶನಿವಾರ ಬಂದರೆ ಫೋನ್ ಎತ್ತುವುದಿಲ್ಲ. ಫುಟ್‌ಬಾಲ್ ಪಂದ್ಯವಂತೆ, ಮುಗಿಯುವ ತನಕ ನಿಂತೇ ಇರಬೇಕಂತೆ. ಹಿಂದಿನ ದಿನ ನಡುರಾತ್ರಿ ಸ್ಟೇಡಿಯಂಗೆ ಹೋಗಿ ಕೂಗುವುದನ್ನು ಪ್ರಾಕ್ಟೀಸ್ ಮಾಡುತ್ತಾರಂತೆ. ಭಾನುವಾರ ಮಾತಾಡಿದರೆ ಗಂಟಲೇ ಇರುವುದಿಲ್ಲ. ಒಂದು ನಾಯಿಗೆ ‘ಮ್ಯಾಮ್’ ಅನ್ನಬೇಕಂತೆ! ಸೋತರೆ ‘ನಾವು ಸೋತಿಲ್ಲಮ್ಮ, ಟೈಮ್ ಮುಗೀತು ಅಷ್ಟೆ’ ಅನ್ನುತ್ತಾಳೆ. ಇದು ಅಭಿಮಾನವೋ, ಯಾವುದಾದರೂ ಪಂಥಕ್ಕೆ ಸೇರಿಕೊಂಡಿದ್ದಾಳೋ? ಓದು ಹಾಳಾಗುತ್ತಾ? ಅಕ್ಟೋಬರ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ನಮಗೂ ಪಂದ್ಯದ ಟಿಕೆಟ್ ತೆಗೆದಿದ್ದಾಳೆ. ಅಲ್ಲಿ ಹೇಗಿರಬೇಕು?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೇಡಂ, ಮೊದಲು ಓದಿನ ಮಾತು ಮುಗಿಸಿಬಿಡೋಣ. ಕಾಲೇಜು ಫುಟ್‌ಬಾಲ್ ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಕೊನೆಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಅದರಲ್ಲಿ ಸ್ವಂತ ಮೈದಾನದ ಪಂದ್ಯಗಳು ಏಳೋ ಎಂಟೋ ಇರುತ್ತವೆ. ವರ್ಷಕ್ಕೆ ಇಷ್ಟು ಶನಿವಾರ ಗಂಟಲು ಹರಿದುಕೊಂಡರೆ ಎಂ.ಎಸ್. ಹಾಳಾಗುವುದಿಲ್ಲ. ಡಿಸೆಂಬರ್‌ನಲ್ಲಿ ಪರೀಕ್ಷೆ ಬರುವ ಹೊತ್ತಿಗೆ ಗಂಟಲು ತಾನಾಗಿಯೇ ಸರಿಹೋಗಿರುತ್ತದೆ.

ಪಂಥವೋ ಅಂತ ಕೇಳಿದ್ದೀರಿ. ಹೊರಗಿನಿಂದ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಅಲ್ಲಿನವರೇ ಒಂದು ಮಾತು ಹೇಳಿಕೊಳ್ಳುತ್ತಾರೆ: ಹೊರಗೆ ನಿಂತು ನೋಡಿದರೆ ಇದು ಅರ್ಥವಾಗುವುದಿಲ್ಲ, ಒಳಗಿದ್ದವರಿಗೆ ವಿವರಿಸಲು ಬರುವುದಿಲ್ಲ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಟೆಕ್ಸಸ್‌ನಲ್ಲಿ ನೆಲೆಸಿ, ಕಾಲೇಜು ಹುಡುಗರ ಮಧ್ಯೆಯೇ ಕೆಲಸ ಮಾಡುವವನಾಗಿ ಹೇಳುತ್ತೇನೆ, ಇದನ್ನು ಚೆನ್ನಾಗಿ ವಿವರಿಸಬಹುದು. ಆ ಕಾಲೇಜು ತನ್ನ ಪ್ರೇಕ್ಷಕರನ್ನು ಸುಮ್ನೆ ಪ್ರೇಕ್ಷಕರಾಗಿ ಕೂರಲು ಬಿಡುವುದಿಲ್ಲ. ಬಂದ ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡುತ್ತದೆ. ಕೆಲಸ ಸಿಕ್ಕವರಿಗೆ ಆ ಜಾಗ ತಮ್ಮದು ಅನ್ನಿಸುತ್ತದೆ. ಊರು ಬಿಟ್ಟು ಅಷ್ಟು ದೂರ ಬಂದ ಹುಡುಗಿಗೆ ಇದು ಎಷ್ಟು ಬೇಕಾಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಹುಚ್ಚಿನ ಬೇರು ಹಳೆಯದು. ಕಾಲೇಜು ಶುರುವಾದದ್ದು 1876ರಲ್ಲಿ, ಕೃಷಿ ಮತ್ತು ಮೆಕ್ಯಾನಿಕಲ್ ವಿದ್ಯೆ ಕಲಿಸುವುದಕ್ಕೆ. ಹೆಸರಿನ ಎ ಮತ್ತು ಎಂ ಅಲ್ಲಿಂದಲೇ ಬಂದವು. 1963ರಲ್ಲಿ ಯೂನಿವರ್ಸಿಟಿ ಅಂತ ಹೆಸರು ಬದಲಾದ ಮೇಲೆ ಆ ಅಕ್ಷರಗಳು ಸುಮ್ನೆ ನೆನಪಿಗೆ ಉಳಿದುಕೊಂಡಿವೆ. ಅಲ್ಲಿನ ವಿದ್ಯಾರ್ಥಿಗಳನ್ನು ‘ಆ್ಯಗಿ’ ಅನ್ನುವುದೂ ಆ ಕೃಷಿಯ ನಂಟಿನಿಂದಲೇ. ಕಾಲೇಜ್ ಸ್ಟೇಷನ್ ಅನ್ನುವ ಊರು ಹ್ಯೂಸ್ಟನ್‌ನಿಂದ ಸುಮಾರು 150 ಕಿಲೋಮೀಟರ್ ದೂರ. ಮೊದಲು ಅಲ್ಲಿದ್ದದ್ದು ಬಯಲು ಮತ್ತು ಒಂದು ರೈಲು ನಿಲ್ದಾಣ. 1960ರ ದಶಕದವರೆಗೆ ಅದು ಹೆಚ್ಚುಕಡಿಮೆ ಗಂಡು ಹುಡುಗರ ಕಾಲೇಜು. ಸೇನಾ ತರಬೇತಿ ಎಲ್ಲರಿಗೂ ಕಡ್ಡಾಯ. ಬ್ಯಾರಕ್ಕು, ಕಹಳೆ, ಸೀನಿಯರ್ ಹೇಳಿದ್ದನ್ನು ಜೂನಿಯರ್ ಕೇಳುವುದು, ಎಲ್ಲ ಇತ್ತು. ಊರಲ್ಲಿ ಬೇರೆ ಮನರಂಜನೆ ಅಂತ ಏನೂ ಇರಲಿಲ್ಲ. ಅಂಥ ಕಡೆ ಹುಡುಗರು ತಮ್ಮ ಸಂಪ್ರದಾಯಗಳನ್ನು ತಾವೇ ಕಟ್ಟಿಕೊಂಡರು. ಇವತ್ತು ಹುಡುಗಿಯರಿದ್ದಾರೆ, ನಿಮ್ಮ ಮಗಳಂಥ ಭಾರತದ ಮಕ್ಕಳು ಬೇಕಾದಷ್ಟಿದ್ದಾರೆ, ಸೇನಾ ಸಮವಸ್ತ್ರ ಹಾಕುವವರು ಒಂದು ಸಣ್ಣ ಭಾಗ ಮಾತ್ರ. ಆದರೂ ಆ ಹಳೇ ಶಿಸ್ತಿನ ವಾಸನೆ ಹೋಗಿಲ್ಲ.

ಇನ್ನು ನಿಲ್ಲುವ ವಿಷಯ. ಇದಕ್ಕೊಂದು ಕಥೆಯಿದೆ, ನಿಜವಾಗಿ ನಡೆದದ್ದು.

1922ರ ಜನವರಿ 2. ಡಲ್ಲಾಸ್ ನಗರದಲ್ಲಿ ಪಂದ್ಯ. ಎದುರಾಳಿ ಕೆಂಟಕಿ ರಾಜ್ಯದ ಸೆಂಟರ್ ಕಾಲೇಜು. ಸಣ್ಣ ಕಾಲೇಜು, ಆದರೆ ಆ ಸೀಸನ್‌ನಲ್ಲಿ ಹಾರ್ವರ್ಡ್ ತಂಡವನ್ನೇ ಮಣಿಸಿ ಬಂದಿತ್ತು, ಅದುವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಆ್ಯಗಿಗಳ ಆಟಗಾರರು ಒಬ್ಬರ ಹಿಂದೊಬ್ಬರು ಪೆಟ್ಟು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಬೆಂಚಿನಲ್ಲಿ ಉಳಿದವರನ್ನು ಎಣಿಸಿದರೆ ಕೋಚ್ ಡಾನಾ ಬೈಬಲ್ ಅವರಿಗೆ ಭಯ ಶುರುವಾಯಿತು. ಇನ್ನೂ ಕೆಲವರಿಗೆ ಪೆಟ್ಟಾದರೆ 11 ಜನರನ್ನು ನಿಲ್ಲಿಸಲೂ ಆಗುವುದಿಲ್ಲ.

ಆಗ ಅವರಿಗೆ ಈ. ಕಿಂಗ್ ಗಿಲ್ ಅನ್ನುವ ಹುಡುಗ ನೆನಪಾದ. ಎರಡನೇ ವರ್ಷದ ವಿದ್ಯಾರ್ಥಿ. ಮೊದಲು ಫುಟ್‌ಬಾಲ್ ತಂಡದಲ್ಲಿದ್ದ, ಬ್ಯಾಸ್ಕೆಟ್‌ಬಾಲ್ ಆಡಲಿಕ್ಕೆ ಅಂತ ಅದನ್ನು ಬಿಟ್ಟಿದ್ದ. ಅವತ್ತು ಅವನು ಮೇಲೆ ಪತ್ರಕರ್ತರ ಜಾಗದಲ್ಲಿ ಕೂತು, ಯಾವ ಆಟಗಾರ ಯಾರು ಅಂತ ಅವರಿಗೆ ಹೇಳಿಕೊಡುತ್ತಿದ್ದ. ಕೋಚ್ ಕೆಳಗಿನಿಂದ ಕೈ ಬೀಸಿ ಕರೆದರು. ಗಿಲ್ ಇಳಿದು ಬಂದ. ಗ್ಯಾಲರಿಯ ಕೆಳಗೆ ನಿಂತು, ಪೆಟ್ಟಾಗಿದ್ದ ಆಟಗಾರನೊಬ್ಬನ ಬಟ್ಟೆಯನ್ನೇ ಹಾಕಿಕೊಂಡ. ಬಂದು ಮೈದಾನದ ಅಂಚಿನಲ್ಲಿ ನಿಂತ.

ನಿಂತ, ಅಷ್ಟೇ. ಪಂದ್ಯ ಮುಗಿಯುವ ತನಕ ಅವನನ್ನು ಆಡಿಸುವ ಪ್ರಸಂಗ ಬರಲಿಲ್ಲ. ಎ ಅಂಡ್ ಎಂ 22-14ರಿಂದ ಗೆದ್ದಿತು. ಕೊನೆಯಲ್ಲಿ ಬೆಂಚಿನ ಕಡೆ ಆಡದೆ ಉಳಿದಿದ್ದವನು ಗಿಲ್ ಒಬ್ಬನೇ ಅಂತ ಕಾಲೇಜಿನವರು ಹೇಳುತ್ತಾರೆ. ಮುಂದೆ ಅವರು ಓದಿ ಡಾಕ್ಟರಾದರು. ಗೆಲುವಿನ ಅಂಕ ಗಳಿಸಿದ್ದು ನಾನೇ ಅಂತ ಅವರು ಯಾವತ್ತೂ ಹೇಳಿಕೊಳ್ಳಲಿಲ್ಲ. ತಂಡಕ್ಕೆ ಬೇಕಾದೀತು ಅಂತ ತಯಾರಾಗಿ ನಿಂತಿದ್ದೆ, ಅಷ್ಟೇ ಅನ್ನುತ್ತಿದ್ದರು. ಸ್ಟೇಡಿಯಂ ಹೊರಗೆ ಅವರ ಪ್ರತಿಮೆಯಿದೆ, ಮಗಳು ಖಂಡಿತ ತೋರಿಸುತ್ತಾಳೆ.

ಗಮನಿಸಿ, ಲಕ್ಷಗಟ್ಟಲೆ ಜನ ನೂರು ವರ್ಷದಿಂದ ಹೊಗಳುತ್ತಿರುವ ಈ ಹೀರೋ ಒಂದು ಚೆಂಡನ್ನೂ ಮುಟ್ಟಿಲ್ಲ. ಬೇರೆ ಕಾಲೇಜುಗಳಲ್ಲಿ ಪ್ರತಿಮೆ ನಿಲ್ಲಿಸುವುದು ಕಪ್ ಗೆದ್ದ ಕೋಚ್‌ಗೆ, ದಾಖಲೆ ಮಾಡಿದ ಆಟಗಾರನಿಗೆ. ಇಲ್ಲೂ ಅಂಥವು ಇರಬಹುದು, ಆದರೆ ಜನ ಕಥೆ ಹೇಳುವುದು ಗಿಲ್‌ದು. ಯಾಕೆಂದರೆ ಗೆಲುವಿನ ಓಟ ಎಲ್ಲರಿಂದ ಆಗುವುದಿಲ್ಲ. ನಿಲ್ಲುವುದು ಎಲ್ಲರಿಗೂ ಆಗುತ್ತದೆ. ನಿಮ್ಮ ಮಗಳು ನಿಲ್ಲುತ್ತಿರುವುದು ಅದಕ್ಕೇ. ವಿದ್ಯಾರ್ಥಿಗಳೆಲ್ಲ ಸೇರಿ ತಂಡದ ಹನ್ನೆರಡನೇ ಆಟಗಾರ, ಕರೆದರೆ ಇಳಿಯಲು ತಯಾರು ಅನ್ನುವುದು ಇದರ ಅರ್ಥ. ಕ್ರಿಕೆಟ್‌ನಲ್ಲಿ ಹನ್ನೆರಡನೆಯವನು ನೀರು ಹೊರುವವನು ಅಂತ ನಾವು ತಮಾಷೆ ಮಾಡುತ್ತೇವೆ. ಇಲ್ಲಿ ಆ ಸ್ಥಾನಕ್ಕೇ ಗೌರವ ಜಾಸ್ತಿ. ನಮ್ಮ ಆರ್‌ಸಿಬಿಯವರೂ ಅಭಿಮಾನಿಗಳನ್ನು ‘ಟ್ವೆಲ್ತ್ ಮ್ಯಾನ್ ಆರ್ಮಿ’ ಅಂದದ್ದುಂಟು.

1983ರಲ್ಲಿ ಆಗಿನ ಕೋಚ್ ಜಾಕಿ ಶೆರಿಲ್ ಈ ಮಾತನ್ನು ನಿಜವಾಗಿಯೇ ಪರೀಕ್ಷೆ ಮಾಡಿದರು. ಸ್ಕಾಲರ್‌ಶಿಪ್ ಇಲ್ಲದ ಮಾಮೂಲಿ ವಿದ್ಯಾರ್ಥಿಗಳನ್ನು ಆರಿಸಿ, ಸ್ವಂತ ಮೈದಾನದ ಪಂದ್ಯಗಳಲ್ಲಿ ಕಿಕ್‌ಆಫ್ ಹೊತ್ತಿಗೆ, ಅಂದರೆ ಚೆಂಡನ್ನು ಎದುರಾಳಿಯ ಕಡೆಗೆ ಒದ್ದು ಆಟ ಶುರುಮಾಡುವಾಗ, ಅವರನ್ನೇ ಇಳಿಸಿದರು. ಎದುರಾಳಿಯ ಮೇಲೆ ಓಡಿ ಹೋಗಿ ಬೀಳುವ ಅಪಾಯದ ಕೆಲಸ ಅದು. ಈಗ ಪೂರ್ತಿ ಗುಂಪು ಇಲ್ಲ. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ ಒಬ್ಬನಿಗೆ 12ನೇ ನಂಬರಿನ ಜೆರ್ಸಿ ಕೊಡುತ್ತಾರೆ. ಪಂದ್ಯದಲ್ಲಿ ಆ ಹುಡುಗನನ್ನು ಹುಡುಕಿ ನೋಡಿ.

ಸರಿ, ನಿಂತು ಮಾಡುವುದೇನು? ಇಲ್ಲಿ ಆಟ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಸಲ ಚೆಂಡು ಚಲಿಸುವ ಮೊದಲು ಅವರ ನಾಯಕ, ಅಂದರೆ ಕ್ವಾರ್ಟರ್‌ಬ್ಯಾಕ್, ಕೂಗಿ ಸೂಚನೆ ಕೊಡುತ್ತಾನೆ. ಆ ಕೂಗು ತನ್ನವರಿಗೆ ಕೇಳಿಸದಿದ್ದರೆ ಗೊಂದಲ ಆಗುತ್ತದೆ. ಯಾರಾದರೂ ಒಂದು ಕ್ಷಣ ಮುಂಚೆ ಅಲುಗಿದರೂ 5 ಗಜ ದಂಡ. ಆದ್ದರಿಂದ ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಲಕ್ಷ ಜನ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಾರೆ. ತಮ್ಮವರ ಕೈಗೆ ಬಂದಾಗ ಗಪ್‌ಚುಪ್. ಅಂದರೆ ಈ ಕೂಗಾಟಕ್ಕೆ ಆಟದಲ್ಲಿ ಲೆಕ್ಕ ಇದೆ. ಮೈದಾನ ಕೈಲ್ ಫೀಲ್ಡ್‌ನಲ್ಲಿ ಹಿಡಿಸುವುದು 1,02,733 ಜನ. ಚಿನ್ನಸ್ವಾಮಿ ಸ್ಟೇಡಿಯಂನ ಸುಮಾರು ಎರಡೂವರೆ ಪಟ್ಟು ಅಂದುಕೊಳ್ಳಿ. 2014ರಲ್ಲಿ ಒಂದು ಪಂದ್ಯಕ್ಕೆ 1,10,633 ಜನ ಸೇರಿದ್ದರು.

ಇಷ್ಟು ಜನ ಒಟ್ಟಿಗೆ ಕೂಗಬೇಕಾದರೆ ಯಾರೋ ತಾಳ ಹಾಕಬೇಕಲ್ಲ? ಬೇರೆ ಕಾಲೇಜುಗಳಲ್ಲಿರುವಂತೆ ಕುಣಿಯುವ ಚಿಯರ್‌ಲೀಡರ್‌ಗಳು ಇಲ್ಲಿಲ್ಲ. ಅದರ ಬದಲು ಐವರು ‘ಯೆಲ್ ಲೀಡರ್’ಗಳು, ಬಿಳಿ ಬಟ್ಟೆಯಲ್ಲಿ. ಅವರನ್ನು ವಿದ್ಯಾರ್ಥಿಗಳೇ ವೋಟು ಹಾಕಿ ಆರಿಸುತ್ತಾರೆ. ಅವರು ಕೈಯಲ್ಲಿ ಒಂದು ಸನ್ನೆ ಮಾಡುತ್ತಾರೆ. ಮುಂದಿನ ಸಾಲಿನವರು ಅದನ್ನೇ ಮಾಡಿ ಹಿಂದಿನವರಿಗೆ ತೋರಿಸುತ್ತಾರೆ, ಅವರು ಅವರ ಹಿಂದಿನವರಿಗೆ. ನೋಡುತ್ತಿದ್ದ ಹಾಗೇ ಸನ್ನೆ ಮೇಲಿನ ಅಂತಸ್ತಿನವರೆಗೂ ಹತ್ತಿಹೋಗುತ್ತದೆ. ಆಮೇಲೆ ಎಲ್ಲರೂ ಸೊಂಟ ಬಗ್ಗಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂಗುತ್ತಾರೆ. ಬಾಗಿದರೆ ದನಿ ಜೋರಾಗಿ ಬರುತ್ತದೆ ಅನ್ನುವುದು ಅವರ ನಂಬಿಕೆ. ಬೆನ್ನು ಬಗ್ಗಿಸಿದ ಸಾವಿರಾರು ಮಕ್ಕಳನ್ನು ಮೊದಲ ಸಲ ನೋಡಿದಾಗ ಇವರೆಲ್ಲರಿಗೂ ಒಟ್ಟಿಗೇ ಹೊಟ್ಟೆನೋವು ಬಂತೇ ಅನ್ನಿಸುತ್ತದೆ. ಒಂದು ಒಳ್ಳೆಯ ರೂಢಿಯೂ ಇದೆ: ಎದುರಾಳಿಗಳನ್ನು ‘ಬೂ’ ಅಂತ ಅಣಕಿಸಬಾರದು. ಎಲ್ಲರೂ ಪಾಲಿಸುತ್ತಾರೆ ಅಂತಲ್ಲ, ಆದರೆ ಬೂ ಅಂದವನನ್ನು ಪಕ್ಕದವನು ತಿರುಗಿ ನೋಡುತ್ತಾನೆ.

ನಡುರಾತ್ರಿಯ ಪ್ರಾಕ್ಟೀಸ್ ಅಂದಿರಲ್ಲ, ಅದೂ ಇದೇ ಕೆಲಸದ ತಯಾರಿ. 1930ರ ದಶಕದಿಂದ ನಡೆದುಬಂದಿದೆ. ಪಂದ್ಯದ ಹಿಂದಿನ ರಾತ್ರಿ 12ಕ್ಕೆ ಸ್ಟೇಡಿಯಂಗೆ ಸಾವಿರಾರು ಜನ ಬರುತ್ತಾರೆ, ಬ್ಯಾಂಡ್ ಬರುತ್ತದೆ, ಹಳೇ ವಿದ್ಯಾರ್ಥಿಗಳು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಯೆಲ್ ಲೀಡರ್‌ಗಳು ಎದುರಾಳಿ ಕಾಲೇಜಿನ ಬಗ್ಗೆ ತೀರಾ ಪೆದ್ದು ಜೋಕುಗಳನ್ನು ಹೇಳುತ್ತಾರೆ. ಕೊನೆಗೆ ಒಂದು ನಿಮಿಷ ದೀಪ ಆರಿಸುತ್ತಾರೆ. ಜೋಡಿ ಇರುವವರು ಮುತ್ತು ಕೊಟ್ಟುಕೊಳ್ಳಲಿ ಅಂತ! ಇದನ್ನು ನಿಮ್ಮ ಮಗಳು ನಿಮಗೆ ಹೇಳಿರಲಿಕ್ಕಿಲ್ಲ. ನಾನು ಹೇಳಿದೆ ಅಂತ ಅವಳಿಗೆ ಹೇಳಬೇಡಿ. ತಮ್ಮ ತಂಡ ಅಂಕ ಗಳಿಸಿದಾಗಲೂ ಇದೇ ಪದ್ಧತಿ, ಹಗಲಲ್ಲೇ. ನಿಮ್ಮ ಪಕ್ಕದಲ್ಲಿ ನಡೆದರೆ ಯಜಮಾನರಿಗೆ ಸ್ಕೋರ್‌ಬೋರ್ಡ್ ತೋರಿಸಿ. ಸುರಕ್ಷತೆಯ ದೃಷ್ಟಿಯಿಂದ ಹೇಳುವುದಾದರೆ, ಇಷ್ಟು ಜನರ ಜೊತೆ ಹೋಗಿ ಬರುವ ರಾತ್ರಿಯ ಬಗ್ಗೆ ನನಗೆ ಚಿಂತೆಯಿಲ್ಲ. ಗೆಳತಿಯರ ಜೊತೆ ಹೋಗು, ಒಟ್ಟಿಗೇ ವಾಪಸ್ ಬಾ ಅಂದರೆ ಸಾಕು.

ಈಗ ನಾಯಿ. ಅದಕ್ಕೆ ರೆವೆಲಿ ಅಂತ ಹೆಸರು. 1931ರಲ್ಲಿ ಕೆಲವು ಹುಡುಗರ ಕಾರಿಗೆ ಬೀದಿನಾಯಿಯೊಂದು ಸಿಕ್ಕಿಬಿತ್ತು. ಪಾಪ ಅನ್ನಿಸಿ ಹಾಸ್ಟೆಲಿಗೆ ತಂದು ಬಚ್ಚಿಟ್ಟರು. ಬೆಳಿಗ್ಗೆ ಎಬ್ಬಿಸುವ ಕಹಳೆ ಊದಿದ ಕೂಡಲೇ ಅದು ಬೊಗಳಿತು. ಆ ಕಹಳೆಯ ಹೆಸರೇ ಅದಕ್ಕೂ ಬಂತು. ಈಗಿರುವುದು ಕೋಲಿ ಜಾತಿಯ ಚೆಂದದ ಹೆಣ್ಣುನಾಯಿ. 2021ರಲ್ಲಿ ಬಂದದ್ದು, ಸಾಲಿನಲ್ಲಿ ಹತ್ತನೆಯದು. ಕಾಲೇಜಿನ ಸೇನಾ ದಳದಲ್ಲಿ ಅದಕ್ಕೇ ಎಲ್ಲರಿಗಿಂತ ಮೇಲಿನ ಪದವಿ, ಐದು ವಜ್ರದ ಗುರುತು. ದಳದ ಜೂನಿಯರ್‌ಗಳು ‘ಮಿಸ್ ರೆವ್, ಮ್ಯಾಮ್’ ಅನ್ನಬೇಕು. ಅದನ್ನು ನೋಡಿಕೊಳ್ಳುವ ಹುಡುಗನ ಹಾಸಿಗೆ ಮೇಲೆ ಅದು ಮಲಗಿದರೆ ಅವನು ನೆಲದ ಮೇಲೆ ಮಲಗಬೇಕು. ಕ್ಲಾಸಿನಲ್ಲಿ ಅದು ಬೊಗಳಿದರೆ ಪಾಠ ಮುಗಿಯಿತು ಅಂತ ಒಂದು ಮಾತಿದೆ. ಮೇಷ್ಟ್ರುಗಳು ಎಷ್ಟು ಒಪ್ಪುತ್ತಾರೋ ಬೇರೆ ಮಾತು.

ತೀರಿಹೋದ ರೆವೆಲಿಗಳನ್ನು ಸ್ಟೇಡಿಯಂನ ಉತ್ತರದ ಬಾಗಿಲ ಬಳಿ ಹೂಳುತ್ತಾರೆ, ಅಲ್ಲಿಂದ ಸ್ಕೋರ್‌ಬೋರ್ಡ್ ಕಾಣಲಿ ಅಂತ. ಸ್ಟೇಡಿಯಂ ಎತ್ತರಿಸಿದಾಗ ಗೋಡೆ ಅಡ್ಡ ಬಂತು. ಏನು ಮಾಡಿದರು ಗೊತ್ತಾ? ಸಮಾಧಿಗಳ ಎದುರಿಗೆ ಬೇರೆಯದೇ ಒಂದು ಸಣ್ಣ ಸ್ಕೋರ್‌ಬೋರ್ಡ್ ಹಾಕಿದರು. ಸತ್ತ ನಾಯಿಗಳಿಗೆ ಸ್ಕೋರ್ ತಿಳಿಯಲಿ ಅಂತ. ನಗು ಬರುತ್ತದೆ, ಅಲ್ವಾ? ನನಗೂ ಬರುತ್ತದೆ. ಆದರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮನುಷ್ಯನನ್ನು ನಾನು ಕಂಡಿಲ್ಲ.

‘ಸೋತಿಲ್ಲ, ಟೈಮ್ ಮುಗೀತು’ ಅನ್ನುವ ಮಾತು ನಿಮ್ಮ ಮಗಳದ್ದಲ್ಲ, ಅದೂ ಅಲ್ಲಿನ ಪರಂಪರೆಯೇ. ಅದರ ಹಿಂದಿನ ನೋವು ಆರ್‌ಸಿಬಿ ಅಭಿಮಾನಿಗಳಿಗೆ ಬೇಗ ಅರ್ಥವಾಗುತ್ತದೆ. ನಾವು ‘ಈ ಸಲ ಕಪ್ ನಮ್ದೇ’ ಅಂತ 18ನೇ ಸೀಸನ್ ತನಕ ಕಾದೆವು. 2025ರ ಜೂನ್ 3ಕ್ಕೆ ಕಪ್ ಬಂತು. ಎ ಅಂಡ್ ಎಂ ಎಲ್ಲರೂ ಒಪ್ಪುವಂಥ ರಾಷ್ಟ್ರೀಯ ಚಾಂಪಿಯನ್ ಆದದ್ದು 1939ರಲ್ಲಿ. ಅಲ್ಲಿಂದ ಕಾಯುತ್ತಲೇ ಇದ್ದಾರೆ. ಮಧ್ಯೆ ಒಳ್ಳೊಳ್ಳೆ ಆಟಗಾರರು ಬಂದರು. 2012ರಲ್ಲಿ ಜಾನಿ ಮ್ಯಾಂಜೆಲ್ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ಆದರೂ ದೊಡ್ಡ ಕಪ್ ಬರಲಿಲ್ಲ. ಗೆಲುವನ್ನೇ ನೆಚ್ಚಿಕೊಂಡಿದ್ದರೆ ಈ ಸ್ಟೇಡಿಯಂ ಎಂದೋ ಖಾಲಿಯಾಗಬೇಕಿತ್ತು. ಖಾಲಿಯಾಗಲಿಲ್ಲ, ಯಾಕೆಂದರೆ ಸೋತ ದಿನವೂ ಹನ್ನೆರಡನೆಯವನ ಕೆಲಸ ಉಳಿದಿರುತ್ತದೆ. ಸೋತ ಮೇಲೆ ವಿದ್ಯಾರ್ಥಿಗಳು ಅಲ್ಲೇ ನಿಂತು ಮುಂದಿನ ಪಂದ್ಯಕ್ಕಾಗಿ ಕೂಗುವುದನ್ನು ಸ್ವಲ್ಪ ಹೊತ್ತು ಪ್ರಾಕ್ಟೀಸ್ ಮಾಡುತ್ತಾರೆ. ಗೆದ್ದ ದಿನವಾದರೆ ಮೊದಲ ವರ್ಷದ ಹುಡುಗರು ಯೆಲ್ ಲೀಡರ್‌ಗಳನ್ನು ಹಿಡಿದು ಹೊತ್ತೊಯ್ದು ಕ್ಯಾಂಪಸ್ಸಿನ ಕಾರಂಜಿ ಕೊಳಕ್ಕೆ ಎಸೆಯುತ್ತಾರೆ.

ಇಷ್ಟು ಹೊತ್ತು ತಮಾಷೆಯಾಗಿ ಹೇಳಿದೆ. ಇದೇ ಅಭಿಮಾನ ಜೀವ ತೆಗೆದದ್ದೂ ಉಂಟು, ಅದನ್ನು ತಾಯಿಯಾದ ನಿಮಗೆ ಹೇಳದೆ ಬಿಡುವುದು ಸರಿಯಲ್ಲ.

ಆಸ್ಟಿನ್ ನಗರದ ಟೆಕ್ಸಸ್ ಯೂನಿವರ್ಸಿಟಿ ಇವರ ಬದ್ಧ ಎದುರಾಳಿ. ಆ ಪಂದ್ಯಕ್ಕೆ ಮುಂಚೆ ದೊಡ್ಡದೊಂದು ಬೆಂಕಿ ಹಾಕುವ ಸಂಪ್ರದಾಯ 20ನೇ ಶತಮಾನದ ಮೊದಲ ದಶಕದಲ್ಲೇ ಶುರುವಾಯಿತು. ‘ಬಾನ್‌ಫೈರ್’ ಅನ್ನುತ್ತಾರೆ. ಮೊದಲು ಕಸಕಡ್ಡಿ, ಹಳೇ ಮರಮುಟ್ಟಿನ ರಾಶಿ. ವರ್ಷಗಳು ಹೋದಂತೆ ಅದು ಬೆಳೆಯಿತು. ವಿದ್ಯಾರ್ಥಿಗಳೇ ಕಾಡಿಗೆ ಹೋಗಿ ಸಾವಿರಾರು ಮರ ಕಡಿದು, ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿ, ತಂತಿಯಿಂದ ಕಟ್ಟಿ, ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದರು. 1969ರಲ್ಲಿ ಎತ್ತರ 109 ಅಡಿ ಮುಟ್ಟಿತು. ಅದಕ್ಕೆ ಇಂಜಿನಿಯರ್ ಸಹಿ ಹಾಕಿದ ನಕ್ಷೆ ಇರಲಿಲ್ಲ. ಸೀನಿಯರ್ ಕೈಯಿಂದ ಜೂನಿಯರ್ ಕೈಗೆ ದಾಟುತ್ತಿದ್ದ ವಿದ್ಯೆ. ಎಂಥ ಇಂಜಿನಿಯರಿಂಗ್ ಕಾಲೇಜು ನೋಡಿ, ಅಲ್ಲೇ ಹೀಗೆ!

1999ರ ನವೆಂಬರ್ 18, ಬೆಳಗಿನ ಜಾವ 2 ಗಂಟೆ 42 ನಿಮಿಷ. ಕಟ್ಟುತ್ತಿದ್ದ ರಾಶಿ ಕುಸಿಯಿತು. 12 ಜನ ಸತ್ತರು, 27 ಜನಕ್ಕೆ ಗಾಯ. ಮೇಲಿನ ಅಂತಸ್ತಿನ ದಿಮ್ಮಿಗಳನ್ನು ಕೆಳಗಿನವುಗಳ ಮಧ್ಯೆ ಬೆಣೆಯ ಹಾಗೆ ತುರುಕಿದ್ದರಿಂದ ಒಳಗಿನ ಒತ್ತಡ ಹೊರಕ್ಕೆ ತಳ್ಳಿತು, ಸುತ್ತ ಕಟ್ಟಿದ ತಂತಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ ಅಂತ ತನಿಖಾ ಆಯೋಗ ಹೇಳಿತು. ಮೊದಲು ಬಳಸುತ್ತಿದ್ದ ಉಕ್ಕಿನ ಹಗ್ಗವನ್ನು ಆ ವರ್ಷ ಸುತ್ತಿರಲಿಲ್ಲ. ಇಂಥ ಕಟ್ಟಡವನ್ನು ವಿದ್ಯಾರ್ಥಿಗಳ ಕೈಗೆ ಬಿಟ್ಟು ಸುಮ್ಮನಿದ್ದ ವ್ಯವಸ್ಥೆಯನ್ನೂ ಆಯೋಗ ಬಿಡಲಿಲ್ಲ. ಎಂಟು ದಿನಕ್ಕೆ ಪಂದ್ಯ ನಡೆಯಿತು. ಬದ್ಧ ಎದುರಾಳಿಯ ಬ್ಯಾಂಡಿನವರು ಮಧ್ಯಂತರದಲ್ಲಿ ಶೋಕದ ರಾಗ ನುಡಿಸಿ, ಟೋಪಿ ತೆಗೆದು ಹೊರನಡೆದರು. ಎ ಅಂಡ್ ಎಂ 20-16ರಿಂದ ಗೆದ್ದಿತು. ಅವತ್ತು ಗೆದ್ದವರ ಕಣ್ಣಲ್ಲೂ ನೀರಿತ್ತು.

ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಬಾನ್‌ಫೈರ್ ನಿಲ್ಲಿಸಿತು. ಎದುರಾಳಿಗಳು ಇಬ್ಬರೂ ಒಂದೇ ಲೀಗಿಗೆ ಸೇರಿ ಮಧ್ಯೆ ಕೆಲವು ವರ್ಷ ನಿಂತಿದ್ದ ಪಂದ್ಯ 2024ರಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ, ಬಾನ್‌ಫೈರ್ ಕೂಡ ವಾಪಸ್ ತರೋಣ ಅನ್ನುವ ಮಾತು ಬಂತು. ಬೇಡ ಅಂತ ಅಧ್ಯಕ್ಷರು ತೀರ್ಮಾನಿಸಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಆದರೆ ಊರ ಹೊರಗೆ, ಯೂನಿವರ್ಸಿಟಿಗೆ ಸಂಬಂಧವಿಲ್ಲದೆ ವಿದ್ಯಾರ್ಥಿಗಳೇ ಒಂದನ್ನು ಈಗಲೂ ಕಟ್ಟುತ್ತಾರೆ. ಈಗಿನ ವಿನ್ಯಾಸದಲ್ಲಿ ಪ್ರತಿ ದಿಮ್ಮಿಯೂ ನೆಲ ಮುಟ್ಟುತ್ತದೆ, ಮೊದಲಿಗಿಂತ ಎಷ್ಟೋ ವಾಸಿ. ಉರಿಯುವುದನ್ನು ದೂರ ನಿಂತು ನೋಡಲಿ, ಅಡ್ಡಿಯಿಲ್ಲ. ಮರ ಕಡಿಯಲು, ಮೇಲೆ ಹತ್ತಿ ಕಟ್ಟಲು ಹೋಗಬೇಡ ಅಂತ ಮಗಳಿಗೆ ಖಂಡಿತವಾಗಿ ಹೇಳಿ. ಕಪ್ ಬಂದ ಮಾರನೇ ದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದದ್ದನ್ನು ಕಂಡವರು ನಾವು. ಈ ವಿಷಯದಲ್ಲಿ ನನಗೆ ನಾಚಿಕೆ ಮುಲಾಜು ಎರಡೂ ಇಲ್ಲ. ಅಭಿಮಾನ ಎಷ್ಟೇ ಇರಲಿ, ಭಾರ ಹೊರುವ ಲೆಕ್ಕ ಮತ್ತು ಜನ ಹಿಡಿಸುವ ಲೆಕ್ಕ ಬಲ್ಲವರು ಮಾಡಬೇಕು.

ಕುಸಿದ ಜಾಗದಲ್ಲಿ ಈಗ ಒಂದು ಸ್ಮಾರಕ ಇದೆ. ವೃತ್ತಾಕಾರದಲ್ಲಿ 12 ಬಾಗಿಲುಗಳು. ಪ್ರತಿಯೊಂದೂ ಸತ್ತ ಒಬ್ಬೊಬ್ಬರ ಹುಟ್ಟೂರಿನ ದಿಕ್ಕಿಗೆ ಮುಖ ಮಾಡಿದೆ. ಆಟಕ್ಕಿಂತ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಹೋದವರನ್ನು ನೆನೆಯುವುದರಲ್ಲಿ ಆ ಕಾಲೇಜಿಗೆ ಬೇರೆ ಯಾವುದೂ ಸಾಟಿಯಿಲ್ಲ ಅಂತ ನನಗನ್ನಿಸುತ್ತದೆ. ಓದುತ್ತಿರುವ ವಿದ್ಯಾರ್ಥಿ ಯಾರಾದರೂ ತೀರಿಕೊಂಡರೆ, ಮುಂದಿನ ತಿಂಗಳ ಮೊದಲ ಮಂಗಳವಾರ ರಾತ್ರಿ ಹತ್ತೂವರೆಗೆ ಕ್ಯಾಂಪಸ್ಸಿನ ದೀಪ ಆರಿಸುತ್ತಾರೆ. ಮಕ್ಕಳು ಮಾತಿಲ್ಲದೆ ಬಂದು ಸೇರುತ್ತಾರೆ. ಕುಶಾಲು ತೋಪು ಹಾರಿಸಿ, ಕಹಳೆಯನ್ನು ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಮುಖ ಮಾಡಿ ಊದುತ್ತಾರೆ. ಪೂರ್ವಕ್ಕೆ ಇಲ್ಲ. ಹೋದವರಿಗೆ ಇನ್ನು ಸೂರ್ಯ ಹುಟ್ಟುವುದಿಲ್ಲವಲ್ಲ. ಏಪ್ರಿಲ್ 21ಕ್ಕೆ ‘ಮಸ್ಟರ್’ ಅಂತ ಇನ್ನೊಂದು. ಆ ವರ್ಷ ತೀರಿಕೊಂಡ ಹಳೇ ವಿದ್ಯಾರ್ಥಿಗಳ ಹೆಸರನ್ನು ಹಾಜರಿ ಕೂಗಿದ ಹಾಗೆ ಕೂಗುತ್ತಾರೆ. ಪ್ರತಿ ಹೆಸರಿಗೂ ಮನೆಯವರೋ ಗೆಳೆಯರೋ ‘ಹಿಯರ್’ ಅಂದು ಮೇಣದಬತ್ತಿ ಹಚ್ಚುತ್ತಾರೆ. 1942ರಲ್ಲಿ ಫಿಲಿಪ್ಪೀನ್ಸ್‌ನ ಕೊರೆಗಿಡೋರ್ ದ್ವೀಪದಲ್ಲಿ ಜಪಾನಿ ಸೇನೆ ಸುತ್ತುವರಿದಿದ್ದಾಗಲೂ ಜನರಲ್ ಜಾರ್ಜ್ ಮೂರ್ ತಮ್ಮ ಜೊತೆಗಿದ್ದ ಆ್ಯಗಿಗಳ ಜೊತೆ ಈ ದಿನವನ್ನು ನೆನೆದರು. ಈಗ ಜಗತ್ತಿನ ನೂರಾರು ಕಡೆ ನಡೆಯುತ್ತದೆ. ಗಿಲ್ ನಿಂತ ಹಾಗೆ ಇಲ್ಲೂ ಅದೇ ಕೆಲಸ, ಇಲ್ಲದವರ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದು. ನಿಮ್ಮ ಮಗಳು ಒಂದು ಸಲ ಮಸ್ಟರ್‌ಗೆ ಹೋಗಿಬಂದರೆ, ಫುಟ್‌ಬಾಲ್ ಇದರಲ್ಲಿ ಒಂದು ಭಾಗ ಮಾತ್ರ ಅಂತ ತಾನೇ ಹೇಳುತ್ತಾಳೆ.

ಹಾಗಂತ ಎಲ್ಲ ಪವಿತ್ರ ಅಂದುಕೊಳ್ಳಬೇಡಿ. ಇದರ ಸುತ್ತ ದುಡ್ಡು ಹೊಳೆಯಾಗಿ ಹರಿಯುತ್ತದೆ. 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆದರು. ಕರಾರು ಬಾಕಿ ಇತ್ತು ಅಂತ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಜಾಸ್ತಿ, ಕೆಲಸ ಮಾಡಬೇಡಿ ಅನ್ನುವುದಕ್ಕೆ! ‘ಹನ್ನೆರಡನೇ ಆಟಗಾರ’ ಅನ್ನುವ ಇಂಗ್ಲಿಷ್ ಹೆಸರನ್ನು 1990ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದ್ದಾರೆ. ಅದನ್ನು ಬಳಸಿತು ಅಂತ ಸಿಯಾಟಲ್‌ನ ವೃತ್ತಿಪರ ತಂಡದ ಮೇಲೆ 2006ರಲ್ಲಿ ಕೋರ್ಟಿಗೂ ಹೋದರು. ಆಮೇಲೆ ಆ ತಂಡ ಹಣ ಕೊಟ್ಟು ಬಳಸುವುದು ಅಂತ ರಾಜಿಯಾಯಿತು. ಏನನ್ನೂ ಬಯಸದೆ ನಿಂತವನ ಹೆಸರಿಗೆ ಬಾಡಿಗೆ ವಸೂಲಿ ಮಾಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. 2021ರಿಂದ ಆಟಗಾರರೂ ತಮ್ಮ ಹೆಸರಿನ ಮೇಲೆ ಹಣ ಮಾಡಬಹುದು. ಅದು ನ್ಯಾಯವೇ, ಮೈ ಮುರಿದುಕೊಳ್ಳುವವರು ಅವರು. ಕಾಲೇಜಿನ ಚಿನ್ನದ ಉಂಗುರ ಅಂತ ಒಂದಿದೆ, ಅದರ ಹುಚ್ಚೂ ದೊಡ್ಡದು. ಮಗಳು ಕೇಳಿದರೆ, ಕೆಲಸ ಸಿಕ್ಕ ಮೇಲೆ ನಿನ್ನ ಸಂಬಳದಲ್ಲಿ ತಗೋ ಅನ್ನಿ.

ಯಾವುದರಲ್ಲೂ ಸೇರದವರನ್ನು ಅಲ್ಲಿ ‘ಟು ಪರ್ಸೆಂಟರ್’ ಅಂತ ಛೇಡಿಸುತ್ತಾರೆ. ಅಷ್ಟೇ, ಅದಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲ. ಪಂಥಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಬಿಟ್ಟು ಹೋಗುತ್ತೇನೆ ಅಂದರೆ ಯಾರೂ ಹಿಡಿಯುವುದಿಲ್ಲ. ಓದಿನ ಕಡೆಗೂ ಅವರಿಗೆ ಒಂದು ಸಂಪ್ರದಾಯ ಉಂಟು. ಸಲ್ ರಾಸ್ ಅನ್ನುವ ಹಳೇ ಅಧ್ಯಕ್ಷರ ಪ್ರತಿಮೆಯ ಕಾಲ ಬಳಿ ಪರೀಕ್ಷೆಗೆ ಮುಂಚೆ ಒಂದೊಂದು ಸೆಂಟಿನ ನಾಣ್ಯ ಇಡುತ್ತಾರೆ. ನಮ್ಮ ಮಕ್ಕಳು ಪರೀಕ್ಷೆ ದಿನ ಗಣಪತಿ ಗುಡಿಗೆ ಮೂರು ಸುತ್ತು ಹಾಕಿ ಓಡುವ ಹಾಗೆ. ನಿಮ್ಮ ಮಗಳು ಅಲ್ಲಿ ನಾಣ್ಯ ಇಟ್ಟಿಲ್ಲ ಅಂದರೆ ನನಗೆ ಆಶ್ಚರ್ಯ.

ಇನ್ನು ನಿಮ್ಮ ಅಕ್ಟೋಬರ್ ಪ್ರವಾಸ. ಟಿಕೆಟ್ ಎಲ್ಲಿಯದು ಅಂತ ಈಗಲೇ ಕೇಳಿ. ಪಂದ್ಯದ ವಾರ ಮಕ್ಕಳು ಸರದಿಯಲ್ಲಿ ಟಿಕೆಟ್ ತೆಗೆಯುತ್ತಾರೆ. ಪಿ.ಜಿ. ಮತ್ತು ಕೊನೇ ವರ್ಷದವರಿಗೆ ಸೋಮವಾರ, ಆಮೇಲೆ ಉಳಿದವರಿಗೆ ಒಂದೊಂದು ದಿನ. ದೊಡ್ಡ ಪಂದ್ಯವಾದರೆ ಟೆಂಟ್ ಹಾಕಿಕೊಂಡು ಕಾಯುವವರೂ ಇದ್ದಾರೆ. ಅತಿಥಿ ಪಾಸ್ ಮೇಲೆ ವಿದ್ಯಾರ್ಥಿಗಳ ಭಾಗದಲ್ಲೇ ಸಿಕ್ಕಿದ್ದರೆ ನೀವೂ ನಿಲ್ಲಬೇಕು, ಕೂತರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಭಾಗ ಇರುವುದು ಪೂರ್ವಕ್ಕೆ, ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ಅಕ್ಟೋಬರ್‌ನಲ್ಲೂ ಟೆಕ್ಸಸ್ ಬಿಸಿಲು ಶಿವಮೊಗ್ಗದ ಬೇಸಿಗೆಯನ್ನು ನೆನಪಿಸುತ್ತದೆ. ಮಂಡಿನೋವು ಇದ್ದರೆ ಮುಲಾಜಿಲ್ಲದೆ ಬೇರೆ ಕಡೆ ಸೀಟು ಹಾಕಿಸಿಕೊಳ್ಳಿ. ಅಲ್ಲಿ ಕೂರುವವರೂ ಇರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ವ್ಯಾನಿಟಿ ಬ್ಯಾಗ್ ಒಳಗೆ ಬಿಡುವುದಿಲ್ಲ. ಒಳಗಿನದು ಕಾಣುವ ಪಾರದರ್ಶಕ ಚೀಲವೇ ಆಗಬೇಕು. ಮರೂನ್ ಬಣ್ಣದ ಸೀರೆಯೋ ಚೂಡಿದಾರೋ ಇದ್ದರೆ ಉಟ್ಟುಕೊಂಡು ಹೋಗಿ, ಅದು ಅವರ ಬಣ್ಣ. ಆಸ್ಟಿನ್‌ನವರ ಕಿತ್ತಳೆ ಮಾತ್ರ ಬೇಡ. ಗುರುತಿಲ್ಲದವರೂ ‘ಹೌಡಿ’ ಅನ್ನುತ್ತಾರೆ, ನೀವೂ ‘ಹೌಡಿ’ ಅಂದರಾಯಿತು. ಹೆಬ್ಬೆರಳು ಎತ್ತಿ ತೋರಿಸಿದರೆ ನೀವೂ ಎತ್ತಿ. ಎಂ.ಎಸ್.ಸಿ. ಅನ್ನುವ ವಿದ್ಯಾರ್ಥಿ ಭವನದ ಒಳಗೆ ಯಜಮಾನರು ಟೋಪಿ ತೆಗೆಯಲಿ, ಅದರ ಸುತ್ತಲಿನ ಹುಲ್ಲಿನ ಮೇಲೆ ಕಾಲಿಡಬೇಡಿ. ಯುದ್ಧದಲ್ಲಿ ಸತ್ತ ಆ್ಯಗಿಗಳ ನೆನಪಿನ ಜಾಗ ಅದು. ಪಂದ್ಯದ ಕೊನೆಗೆ ಪಕ್ಕದವರು ನಿಮ್ಮ ಹೆಗಲ ಮೇಲೆ ಕೈ ಹಾಕಿ ಅತ್ತಿತ್ತ ತೂಗಲು ಶುರುಮಾಡುತ್ತಾರೆ, ಸ್ಟೇಡಿಯಂ ಪೂರ್ತಿ. ಮೇಲಿನ ಅಂತಸ್ತಿನಲ್ಲಿದ್ದರೆ ಕಾಲ ಕೆಳಗಿನ ಕಾಂಕ್ರೀಟೇ ಅಲುಗಿದ ಹಾಗಾಗುತ್ತದೆ. ಮಗಳ ಪಕ್ಕದಲ್ಲೇ ನಿಂತಿರಿ, ಅವಳು ಯಾವ ಕಡೆಗೆ ತೂಗುತ್ತಾಳೋ ಆ ಕಡೆಗೇ ತೂಗಿ.

ಸೋತರೂ ಕೂಡಲೇ ಹೊರಡೋಣ ಅನ್ನಬೇಡಿ. ಅವಳಿಗೆ ಇನ್ನೂ ಸ್ವಲ್ಪ ಕೂಗುವುದು ಬಾಕಿ ಇರುತ್ತದೆ. ನಿಮಗೂ ಆತುರ ಬೇಡ, ಲಕ್ಷ ಜನರ ಕಾರು ಹೊರಗೆ ಹೋಗುವ ತನಕ ಪಾರ್ಕಿಂಗ್ ಜಾಗದಲ್ಲಿ ಹೇಗಿದ್ದರೂ ಕಾಯಲೇಬೇಕು.